ಬಂಗುಡೆ ಮರಿಗೆ ಜಗ್ಗು ತೂಕ

ತಕ್ಕಡಿ ಹಿಡಿಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ಹರೆಯದಲ್ಲಿ ನನ್ನ ದೃಢವಾದ ನಂಬಿಕೆಯಾಗಿತ್ತು. ಬೈಲಹೊಂಗಲದ ಪ್ಯಾಟಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ನಾನು ಎದ್ದು ನಿಲ್ಲಲು ಕಲಿತದ್ದೇ ತಕ್ಕಡಿಯ ಸರಪಳಿ ಹಿಡಿದುಕೊಂಡು ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪನದು ಒಂದೇ ಕಾನೂನು: ಗಿರಾಕಿಯ ತಟ್ಟೆ ಕೆಳಗೆ ಜಗ್ಗಬೇಕು. ಮುಳ್ಳು ನೆಟ್ಟಗೆ ನಿಂತರೆ ಅಪ್ಪನ ಲೆಕ್ಕದಲ್ಲಿ ಅದು ತೂಕವೇ ಅಲ್ಲ.

"ಒಂದ್ ಚಿಟಿಕಿ ಹೆಚ್ಚಿಗಿ ಹೋಗ್ಲಿ ಬಿಡಲೇ. ಗಿರಾಕಿ ಮಾರಿ ಹೆಂಗ ಅರಳತೈತಿ ನೋಡು!" ಎನ್ನುತ್ತಿದ್ದ.

ಯಾಲಕ್ಕಿ, ಒಣಕೊಬ್ಬರಿ, ಕೆಂಪು ಮೆಣಸಿನಕಾಯಿ ಎಲ್ಲ ಬೆರೆತ ಆ ಅಂಗಡಿಯ ವಾಸನೆ ಈಗಲೂ ಒಮ್ಮೊಮ್ಮೆ ಎಲ್ಲಿಂದಲೋ ಬಂದು ಮೂಗಿಗೆ ತಾಗುತ್ತದೆ. ಅಪ್ಪನೂ ಇಲ್ಲ, ಅಂಗಡಿಯೂ ಇಲ್ಲ. ಕಣ್ಣು ಒದ್ದೆಯಾಗುತ್ತದೆ. ಮೆಣಸಿನಕಾಯಿಯ ಘಾಟು ಎಂದು ಹೇಳಿ ಒರೆಸಿಕೊಳ್ಳುತ್ತೇನೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದ್ದ ನನಗೆ ಕಾರವಾರದ ಕಡೆ ಸಮುದ್ರದ ದಂಡೆಯ ಒಂದು ಸಣ್ಣ ಸಂಶೋಧನಾ ಕಚೇರಿಯಲ್ಲಿ ತಾತ್ಕಾಲಿಕ ನೌಕರಿ ಸಿಕ್ಕಿತು. ಕೆಲಸವೇನು? ಸಮುದ್ರದಲ್ಲಿ ತಮ್ಮಷ್ಟಕ್ಕೆ ತಾವೇ ಬೆಳೆಯುವ ಬಂಗುಡೆ ಮೀನಿನ ಮರಿಗಳು ಮೈ ಹಿಡಿದಿವೆಯೋ, ಸೊರಗಿವೆಯೋ ನೋಡುವುದು. ಮೂತಿಯಿಂದ ಬಾಲದವರೆಗೆ ಉದ್ದ ಅಳೆಯಬೇಕು, ಆಮೇಲೆ ತೂಗಬೇಕು. ಉದ್ದಕ್ಕೆ ತಕ್ಕ ತೂಕವಿದ್ದರೆ ಮರಿ ತಿಂದುಂಡು ಸುಖವಾಗಿದೆ ಎಂದರ್ಥ. ಇಲ್ಲದಿದ್ದರೆ ಪಾಪ, ಅದಕ್ಕೆ ಸಮುದ್ರದಲ್ಲಿ ಹೊಟ್ಟೆ ತುಂಬುತ್ತಿಲ್ಲ.

ಈಗ ನಮ್ಮ ಮನೆಯ ಸಂಗತಿ ಕೇಳಿ. ಎಲ್ಲರ ಕೊರಳಲ್ಲೂ ಲಿಂಗ. ಮೀನು ಎಂಬ ಶಬ್ದ ನಮ್ಮಲ್ಲಿ ಬಳಕೆಯಾಗುತ್ತಿದ್ದುದು ಪಂಚಾಂಗದ ಮೀನರಾಶಿಗೆ ಮಾತ್ರ! ಹೀಗಾಗಿ "ಸಮುದ್ರದ ಮಾಪನದ ಕೆಲಸ" ಎಂದು ಗಂಭೀರವಾಗಿ ತಿಳಿಸಿದೆ. ಅಪ್ಪ ಅದನ್ನು ಇನ್ನಷ್ಟು ಸರಳಗೊಳಿಸಿ, "ನಮ್ಮ ಈರಣ್ಣ ಸಮುದ್ರಾ ಅಳೀತಾನ್ರಿ" ಎಂದು ಊರಿಗೆಲ್ಲ ಹೇಳಿದ.

ಆ ಹೆಸರಿನ ಮೇಲೆಯೇ ಕಿತ್ತೂರಿನಿಂದ ಕನ್ಯೆಯ ಸಂಬಂಧ ಬಂತು, ನೋಡಲು ಹೋದೆವು. ಗಿರಿಜಾ. ಹೊಲಮನೆಯವರು, ದೊಡ್ಡ ಪಡಸಾಲೆ, ತೊಲೆಗೆ ಜೋತುಬಿಟ್ಟ ಜೋಳದ ಚೀಲ ತೂಗುವ ಭಾರಿ ತಕ್ಕಡಿ. ಗಿರಿಜಾ ಚಹಾ ತಂದಿಟ್ಟು ಒಂದೇ ಒಂದು ಸಲ ಮುಖವೆತ್ತಿ ನೋಡಿದಳು. ನನ್ನ ಕತೆ ಅಲ್ಲಿಗೇ ಮುಗಿಯಿತು! ಮದುವೆಯಾದರೆ ಇವಳನ್ನೇ ಎಂದು ಬಿಸಿ ಚಹಾ ಗಟಗಟನೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ಆ ಮನೆಗೆ ಹಿರಿಯ ಅವಳ ಅಜ್ಜ. ಮೀಸೆ ನೀವುತ್ತ ವಿಚಾರಣೆ ಶುರುಮಾಡಿದರು.

"ಸಮುದ್ರಾ ಅಳಿಯಾಕ ಹತ್ತೀಯಂತಲ್ಲಪಾ ತಮ್ಮಾ. ಎಷ್ಟ ಆತು? ಇನ್ನಾ ಎಷ್ಟ ಉಳದೈತಿ?"

"ಕೆಲಸಾ ನಡದೈತ್ರಿ ಅಜ್ಜಾರ."

"ನಡೀಲಿ. ನೌಕರಿ ಕಾಯಂ ಆದ ಮ್ಯಾಲ ಆರ್ಡರ್ ತಂದು ತೋರಸು. ಆವತ್ತ ಮದುವಿ ಅಕ್ಕಿಕಾಳಿನ ಮಾತು."

ಕಾಯಂ ಆಗಬೇಕಾದರೆ ಆ ವರ್ಷದ ಮರಿಗಳ ವರದಿ ಚೆನ್ನಾಗಿ ಮುಗಿಯಬೇಕಿತ್ತು. ಅಂದರೆ ನನ್ನ ಮದುವೆ ಈಗ ಸಂಪೂರ್ಣವಾಗಿ ಬಂಗುಡೆ ಮರಿಗಳ ಮೇಲೆ ನಿಂತಿತ್ತು.

ಇಂಥ ಹೊತ್ತಿನಲ್ಲಿ ಉಪ್ಪುಗಾಳಿಗೆ ಕಚೇರಿಯ ತಕ್ಕಡಿ ಜಂಗು ಹಿಡಿದು ಕೆಟ್ಟು ಕುಳಿತಿತು. ನಮ್ಮ ಸಾಹೇಬರು ಮೈಸೂರಿನ ಕಡೆಯವರು, ನಿಧಾನಸ್ಥರು. "ಹೊಸದು ಬರೋವರೆಗೂ ಕೆಲಸ ನಿಲ್ಸೋಣ ಕಣ್ರೀ" ಎಂದರು. ನಿಲ್ಲಿಸುವುದೇ!

"ಬ್ಯಾಡ್ರಿ ಸರ್! ನಮ್ಮ ಅಂಗಡ್ಯಾಗ ತಕ್ಕಡಿ ಅದಾವ್ರಿ. ತೂಗೂದು ನನಗ ಹುಟ್ಟಾ ಬಂದೈತ್ರಿ!"

ಮರುದಿನವೇ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದೆ. ಯಾಲಕ್ಕಿ, ಕೇಸರಿ ತೂಗುವ ಪುಟ್ಟ ಹಿತ್ತಾಳೆಯ ತಕ್ಕಡಿಯನ್ನು, ಅದರ ಗ್ರಾಂ ಕಲ್ಲುಗಳ ಸಮೇತ ಟ್ರಂಕಿಗೆ ಹಾಕುತ್ತಿದ್ದಾಗ ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಅಷ್ಟ ದೊಡ್ಡ ಸಮುದ್ರಾನ ಈ ಯಾಲಕ್ಕಿ ತಕ್ಕಡ್ಯಾಗ ತೂಗ್ತೀಯೇನೋ?"

"ಸ್ವಲ್ಪ ಸ್ವಲ್ಪ ತೂಗ್ತೇವಬೇ."

ಅವ್ವನಿಗೆ ಅದು ಒಪ್ಪಿಗೆಯಾಯಿತು. ಒಣ ಕಟಿರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಟ್ಟಳು. ಆ ರೊಟ್ಟಿಗಳೇ ಅಲ್ಲಿ ನನ್ನ ಜೀವ ಉಳಿಸಿದ್ದು. ಅಲ್ಲಿನ ಖಾನಾವಳಿಗಳಲ್ಲೆಲ್ಲ ಮೀನಿನ ಸಾರು. ರೊಟ್ಟಿ ಮುಗಿದ ಮೇಲೆ ನನ್ನ ಗತಿ ಮಜ್ಜಿಗೆ ಅನ್ನ, ಬಾಳೆಹಣ್ಣು.

ಕೆಲಸ ಭರದಿಂದ ಸಾಗಿತು. ಮೊದಮೊದಲು ಕಣ್ಣು ಮುಚ್ಚಿ, ಬೆರಳ ತುದಿಯಿಂದ ಬಾಲ ಹಿಡಿಯುತ್ತಿದ್ದವನು ಬರಬರುತ್ತ ಮರಿಗಳನ್ನು ಬಟ್ಟೆಯಲ್ಲಿ ಒತ್ತಿ, ನೀರು ಒರೆಸಿ, ಅಂಗೈ ಮೇಲೆ ಮಲಗಿಸಿಕೊಳ್ಳುವಷ್ಟು ಪಳಗಿದೆ. ಸಾಹೇಬರು ಮಾತ್ರ ಒಮ್ಮೆ ಮೂಸಿ ನೋಡಿ, "ಇದೇನ್ರೀ, ಬಂಗುಡೆ ಏಲಕ್ಕಿ ವಾಸನೆ ಹೊಡೀತಿದೆ?" ಎಂದು ಬೆರಗಾದರು.

ಲೆಕ್ಕ ಹಾಕಿದರೆ ಎದೆಯೊಡೆಯುವ ಸುದ್ದಿ. ಎಲ್ಲ ಮರಿಗಳೂ ಸೊರಗಿದ್ದವು! ಒಂದಕ್ಕಾದರೂ ಉದ್ದಕ್ಕೆ ತಕ್ಕ ತೂಕವಿರಲಿಲ್ಲ. ಸಾಹೇಬರು ಗಾಬರಿಯಾಗಿ, ಸಮುದ್ರದಲ್ಲಿ ಮರಿಗಳಿಗೆ ತಿನ್ನಲು ಇಲ್ಲವೆಂದು ವರದಿ ಬರೆಯಲು ಕುಳಿತರು. ನನಗಂತೂ ಮಜ್ಜಿಗೆ ಅನ್ನವೂ ಗಂಟಲಲ್ಲಿ ಇಳಿಯದಾಯಿತು. ಅಯ್ಯೋ ಕೂಸುಗಳೇ, ಇಷ್ಟು ದೊಡ್ಡ ಸಮುದ್ರದಲ್ಲಿ ನಿಮಗೆ ಉಪವಾಸವೇ!

ಆದರೆ ಸಾಹೇಬರಿಗೆ ಏನೋ ಅನುಮಾನ. ಒಂದು ಮುಂಜಾನೆ ದುಂಡಗೆ ಮಿರಿಮಿರಿ ಮಿಂಚುವ ಮರಿಯೊಂದನ್ನು ತಂದು ನನ್ನ ಮುಂದಿಟ್ಟರು.

"ಇದು ಸೊರಗಿದ ಹಾಗೆ ಕಾಣುತ್ತೇನ್ರೀ? ತೂಗಿ, ನಾನೂ ನೋಡ್ತೀನಿ."

ಇಂಥ ಅವಕಾಶಕ್ಕೇ ಕಾದಿದ್ದೆ. ಎಡಗೈಯಲ್ಲಿ ತಕ್ಕಡಿ ಎತ್ತಿ, ಕಿರುಬೆರಳು ಮಡಚಿ, ಅಪ್ಪನ ಠೀವಿಯಲ್ಲಿ ತೂಗಿದೆ. ಮುಳ್ಳು ನಡುವೆ ಬಂದು ನಿಂತಿತು. ಒಂದು ಕಲ್ಲು ತೆಗೆದೆ. ಮೀನಿನ ತಟ್ಟೆ ಚೆನ್ನಾಗಿ ಕೆಳಗೆ ಜಗ್ಗಿತು. ಉಳಿದ ಕಲ್ಲುಗಳ ತೂಕ ಬರೆದುಕೊಂಡೆ.

"ರೀ, ನಿಲ್ರೀ! ಮುಳ್ಳು ಸರಿಯಾಗೇ ನಿಂತಿತ್ತಲ್ಲ, ಕಲ್ಲು ಯಾಕ್ ತೆಗೆದ್ರಿ?"

"ಸರ್, ಈ ಕಡೆ ತಟ್ಟಿ ಜಗ್ಗಬೇಕಲ್ರಿ."

"ಯಾಕೆ ಜಗ್ಗಬೇಕು?"

"ಗಿರಾಕಿಗೆ ಮೋಸ ಆಗಬಾರದಲ್ರಿ, ಸರ್!"

ಸಾಹೇಬರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಇಲ್ಲಿ ಗಿರಾಕಿ ಯಾರ್ರೀ?"

ನಾನು ಸುತ್ತಲೂ ನೋಡಿದೆ. ಕೋಣೆಯಲ್ಲಿ ನಾವಿಬ್ಬರೇ. ತಟ್ಟೆಯ ಮೇಲೆ ಮೀನು ಬಾಯಿ ತೆರೆದು ನನ್ನನ್ನೇ ನೋಡುತ್ತಿತ್ತು.

ಆ ಹಂಗಾಮಿನ ಒಂದೊಂದು ಮರಿಯಿಂದಲೂ ನಾನು ಹೀಗೆ ಒಂದೊಂದು ಕಲ್ಲಿನ ತೂಕ ಕಿತ್ತುಕೊಂಡಿದ್ದೆ! ಯಾವ ಮರಿಗೆ ಯಾವ ಕಲ್ಲು ತೆಗೆದೆನೆಂದು ಬರೆದಿಟ್ಟಿರಲಿಲ್ಲ. ಮತ್ತೆ ತೂಗೋಣವೆಂದರೆ ಅಷ್ಟರಲ್ಲಿ ಸಮುದ್ರದ ಮರಿಗಳು ದೊಡ್ಡವಾಗಿಬಿಟ್ಟಿದ್ದವು. ವರದಿ ಹೋಯಿತು, ನೌಕರಿ ಹೋಯಿತು. ಟ್ರಂಕು ಹೊತ್ತು ಬಸ್ಸಿನಲ್ಲಿ ಕುಳಿತಾಗ ನನಗೆ ಗಿರಿಜಾ ಮುಖವೆತ್ತಿ ನೋಡಿದ್ದೊಂದೇ ನೆನಪಾಗುತ್ತಿತ್ತು.

ಅಪ್ಪನನ್ನು ಕರೆದುಕೊಂಡು ಕಿತ್ತೂರಿಗೆ ಹೋದೆ. ಅಜ್ಜ ಕೈ ಚಾಚಿದರು. "ಎಲ್ಲೈತಪಾ ಆರ್ಡರ್?"

ಬೇರೆ ದಾರಿ ಇರಲಿಲ್ಲ. ಸಮುದ್ರವಲ್ಲ, ಮೀನು ಎಂದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಮೀನಾ? ತಿಂತೀ ಏನ?"

"ಇಲ್ರಿ ಅಜ್ಜಾರ! ಮೈ ಹಿಡದಾವೋ ಇಲ್ಲೋ ಅಂತ ತೂಗಿ ನೋಡ್ತಿದ್ದೆ, ಅಷ್ಟರಿ."

ಉಳಿದದ್ದನ್ನೂ ಹೇಳಿದೆ. ತಟ್ಟೆ ಜಗ್ಗಿಸಿದ್ದು, ಸಾಹೇಬರು ಹಿಡಿದದ್ದು, ನೌಕರಿ ಹೋದದ್ದು. ತಲೆ ತಗ್ಗಿಸಿ ಕುಳಿತೆ. ಆಗ ಸಿಟ್ಟಿನಿಂದ ಸಿಡಿದದ್ದು ಅಪ್ಪ. ಅದೂ ನನ್ನ ಮೇಲಲ್ಲ!

"ಮುಳ್ಳ ನೆಟ್ಟಗ ನಿಲ್ಲಸಂತಾರಾ? ಥೂ! ಎಂಥಾ ಜಿಪುಣರ ಆಫೀಸಲೇ ಅದು!"

ಬಾಗಿಲ ಮರೆಯಿಂದ ನಗು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದ ನಗು. ಆಮೇಲೆ ಗಿರಿಜಾಳ ದನಿ.

"ಅಜ್ಜಾ, ಆರ್ಡರ್ ಇಲ್ಲಂದ್ರ ಬ್ಯಾಡ ಬಿಡು. ಅಂಗಡಿ ಐತೆಲ್ಲಾ."

ಅಷ್ಟು ಸುಖ ನನಗೆ ಆಮೇಲೆ ಯಾವತ್ತೂ ಆಗಿಲ್ಲ. ಎದೆ ಉಬ್ಬಿಸಿ ಎದ್ದು ನಿಂತೆ. ನಿಲ್ಲಬಾರದಿತ್ತು. ಅಜ್ಜ ನನ್ನನ್ನು ಕಾಲಿನಿಂದ ತಲೆಯವರೆಗೆ ಅಳೆದು ನೋಡಿದರು.

"ಮೀನಿನ ಮೈ ನೋಡಾಂವಾ, ನಿನ್ನ ಮೈ ನೋಡ್ಕೊಂಡೀ ಏನ? ಬಾ ಇಲ್ಲೆ!"

ಜೋಳದ ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನನ್ನು ಕೂಡಿಸಿ, ಇನ್ನೊಂದರಲ್ಲಿ ಅರ್ಧ ಚೀಲ ಜೋಳ ಇಡಿಸಿದರು. ಜೋಳ ಧಡಕ್ಕನೆ ನೆಲಕ್ಕೆ ಕೂತಿತು. ನಾನು ಮೇಲೆ ಹೋದೆ! ನೋಡಲು ಬಾಗಿಲಿಗೆ ಬಂದ ಗಿರಿಜಾ ಸೆರಗನ್ನೂ ಮರೆತು ಬಿದ್ದು ಬಿದ್ದು ನಗುತ್ತಿದ್ದಳು.

"ಮನಿಗೆ ಕರಕೊಂಡು ಹೋಗಿ ಚಲೋತ್ನಂಗ ಹೈನಾ ಉಣಸ್ರಿ ಇವಗ" ಎಂದು ಅಜ್ಜ ಅಪ್ಪನಿಗೆ ಅಪ್ಪಣೆ ಮಾಡಿದರು. "ಅರ್ಧಾ ಚೀಲಕ್ಕ ಸಮಾ ತೂಗಿದ ದಿವಸ ಅಕ್ಕಿಕಾಳು!"

ನಾನು ತೂಗಿದ ಬಂಗುಡೆ ಮರಿಗಳಲ್ಲಿ ಒಂದೂ ನಿಜವಾಗಿ ಸೊರಗಿರಲಿಲ್ಲ. ಆ ವರ್ಷ ಕಾರವಾರದ ದಂಡೆಯಲ್ಲಿ ಖರೇ ಸೊರಗಿದ್ದ ಮರಿ ಒಂದೇ ಒಂದು, ಅದು ಈಗ ಕಿತ್ತೂರಿನ ಪಡಸಾಲೆಯಲ್ಲಿ ಕಾಲು ಇಳಿಬಿಟ್ಟುಕೊಂಡು ತೂಗಾಡುತ್ತಿತ್ತು!