ನಿಂಬೆವ್ವನಿಗೆ ಹನ್ನೊಂದು ಹಾಳೆ

ಜಯವಾಗಲಿ ಲೇಖನಿಗೆ, ಜಯವಾಗಲಿ ಮಸಿಗೆ, ಅಂಚೆಯಣ್ಣನ ಸೈಕಲ್ಲಿಗೂ ಜಯವಾಗಲಿ! ಕೃತಜ್ಞತೆಯೆಂಬುದು ಅಚ್ಚಿನ ಮನೆಯಲ್ಲಿ ನೂರರ ಕಟ್ಟಾಗಿ ದೊರೆಯುತ್ತಿದ್ದ ಆ ಘೋರಯುಗದಲ್ಲಿ, ಗದಗ ಸೀಮೆಯ ಹುಡುಗಿಯರ ಉಚಿತ ವಿದ್ಯಾರ್ಥಿನಿಲಯವೊಂದನ್ನು ಪತ್ರಸಮರಧುರಂಧರನೂ ವಿಶೇಷಣವರ್ಷಮೇಘನೂ ಆದ ಗದಿಗೆಪ್ಪನೆಂಬ ಕಾರ್ಯದರ್ಶಿ ಆಳುತ್ತಿದ್ದನು. ಅವನ ಶೌರ್ಯವನ್ನು ಹಾಡಲು ಬೇರೆ ಯಾರೂ ಒಪ್ಪದ ಕಾರಣ ನಾನೇ ಹಾಡಬೇಕಾಗಿದೆ. ನನ್ನ ಹಣೆಬರಹ.

ಆಪತ್ತು ಒದಗಿದ್ದು ಹೀಗೆ. ಹದಿನೆಂಟು ವರ್ಷ ತಪ್ಪದೆ, ಸುಗ್ಗಿ ಮುಗಿದೊಡನೆ ಹತ್ತು ಚೀಲ ಬಿಳಿಜೋಳ ಕಳಿಸುತ್ತಿದ್ದ ನಿಂಬೆವ್ವನೆಂಬ ಒಕ್ಕಲಗಿತ್ತಿ ಈ ಸಲ ಒಂದು ಕಾಳನ್ನೂ ಕಳಿಸಲಿಲ್ಲ. ಉಗ್ರಾಣದಲ್ಲಿ ಉಳಿದದ್ದು ಅವಳೇ ಹೋದ ವರ್ಷ ಕಳಿಸಿದ್ದರಲ್ಲಿ ಒಂದು ಚೀಲ. ಅದು ತೀರಿದರೆ ಅರವತ್ತು ಹುಡುಗಿಯರ ತಾಟಿನಲ್ಲಿ ರೊಟ್ಟಿಯಿಲ್ಲ. ಹೋದ ವರ್ಷ ತಾನು ಕಳಿಸಿದ ಅಚ್ಚಿನ ಧನ್ಯವಾದಪತ್ರದಿಂದಲೇ ಮುದುಕಿ ನೊಂದಳೆಂದು ಬಗೆದ ಗದಿಗೆಪ್ಪನ ಎದೆ ಧಸಕ್ಕೆಂದಿತು. ಆದರೂ ವೀರನಲ್ಲವೆ? ಅಡುಗೆಯ ಗೌರವ್ವನ ಮುಂದೆ ಪ್ರತಿಜ್ಞೆಗೈದನು.

“ಕೇಳು ಗೌರವ್ವಾ! ಈ ಭುಜದಲ್ಲಿ ಬಲವೂ ಈ ಲೇಖನಿಯಲ್ಲಿ ಮಸಿಯೂ ಇರುವತನಕ ನಿನ್ನ ರೊಟ್ಟಿಹಂಚು ತಣ್ಣಗಾಗದು. ನನ್ನ ಸ್ವಹಸ್ತಾಕ್ಷರದ ಮುಂದೆ ಕಲ್ಲೆದೆಯೂ ಕರಗಲೇಬೇಕು!”

“ಮೊದಲ ಬರೀರಿ,” ಎಂದಳು ಗೌರವ್ವ.

ಬರೆದನು. ಮೂರು ಹಗಲು ಬರೆದನು. ಧಾನ್ಯದಾನದೀಕ್ಷಾಬದ್ಧೆ, ಕೃಷ್ಣಮೃತ್ತಿಕಾಕುಲತಿಲಕೆ, ಬುಭುಕ್ಷಿತಬಾಲಿಕಾಬೃಂದಮಾತೃಸ್ವರೂಪಿಣಿ ಎಂದು ಒಂದೊಂದು ಪದಕ್ಕೆ ಅರ್ಧರ್ಧ ಸಾಲು ಸುರಿದು, ಬೆರಳು ಮರಗಟ್ಟಿ, ಹನ್ನೊಂದು ಹಾಳೆ ತುಂಬಿಸಿ, ಲಕೋಟೆಗೆ ಅಂಟು ಸವರಿ ಅಂಚೆಗೆ ಹಾಕಿದನು.

ಅಲ್ಲಿಂದ ಐದನೆಯ ದಿನ ಮಧ್ಯಾಹ್ನ ಬಸ್ಸಿಳಿದು ಸಾಕ್ಷಾತ್ ನಿಂಬೆವ್ವನೇ ಬಂದಳು. ಪತ್ರವನ್ನು ಊರ ಮಾಸ್ತರರಿಂದ ಓದಿಸಿದ್ದಳಂತೆ. ಎರಡನೆಯ ಹಾಳೆಗೆ ನೆರೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರಂತೆ. ಇಷ್ಟೊಂದು ಹೊಗಳಿಕೆ ಸತ್ತವರಿಗಲ್ಲದೆ ಮತ್ತಾರಿಗೆ ಸಿಕ್ಕೀತು?

“ನಾ ಇನ್ನಾ ಸತ್ತಿಲ್ಲರೀ ಸರ್ರ,” ಎಂದಳು. “ತೋರಿಸಿ ಹೋಗೂನು ಅಂತ ಬಂದೆ.”

ಮಹಾವೀರನು ಎದ್ದು ತನ್ನ ಕುರ್ಚಿಯನ್ನೇ ಸರಿಸಿಕೊಟ್ಟನು. ಮುದುಕಿ ಕುಳಿತು, ನೀರು ಕುಡಿದು, ನಿಧಾನವಾಗಿ ಬಿಡಿಸಿ ಹೇಳಿದಳು. ಮೊದಲೆಲ್ಲ ಜೋಳ ಮುಟ್ಟಿದ ವಾರಕ್ಕೆ ಗೌರವ್ವ ಯಾರಾದರೂ ಹುಡುಗಿಯಿಂದ ಒಂದು ಕಾರ್ಡು ಬರೆಸಿ, ರೊಟ್ಟಿ ಹೇಗಾದವೆಂದು ತಿಳಿಸುತ್ತಿದ್ದಳು. ಹೋದ ವರ್ಷ ಅದನ್ನು ನಿಲ್ಲಿಸಿ ಅಚ್ಚಿನ ಪತ್ರ ಕಳಿಸಿದರು. ಜೋಳಕ್ಕೆ ನುಸಿ ಹಿಡಿದಿರಬೇಕು, ದೊಡ್ಡವರು ಮರ್ಯಾದೆಗೆ ಮುಚ್ಚಿಡುತ್ತಿದ್ದಾರೆ ಎಂದು ನಾಚಿ ಈ ಸಲ ಸುಮ್ಮನಾಗಿದ್ದಳು.

“ಹನ್ನೊಂದು ಹಾಳ್ಯಾಗೂ ಜ್ವಾಳದ ಸುದ್ದಿ ಇಲ್ಲ. ನೀವರ ಹೇಳ್ರಿ, ರೊಟ್ಟಿ ಹೆಂಗ ಆಗತಾವು?”

ಗದಿಗೆಪ್ಪನೋ ಇಪ್ಪತ್ತು ವರ್ಷ ಮನೆಯಿಂದ ಬುತ್ತಿ ತಂದು ಉಂಡವನು. ನಿಲಯದ ರೊಟ್ಟಿ ಒಮ್ಮೆಯೂ ಬಾಯಿಗಿಟ್ಟವನಲ್ಲ. ಗೌರವ್ವ ಒಂದು ತಾಟು ತಂದಿಟ್ಟಳು. ಪತ್ರಸಮರಧುರಂಧರನು ಹುಡುಗಿಯರ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕುಳಿತು, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಹಚ್ಚಿಕೊಂಡು ಒಂದು ರೊಟ್ಟಿ ತಿಂದನು. ಕೇಳದೆಯೇ ಇನ್ನೊಂದು ತೆಗೆದುಕೊಂಡನು.

“ಭಾಳ ಮೆತ್ತಗ ಅದಾವು, ಯವ್ವಾ.”

“ಅಷ್ಟ ಬೇಕಾಗಿತ್ತು,” ಎಂದು ನಿಂಬೆವ್ವ ಸಂಜೆಯ ಬಸ್ಸಿಗೆ ಎದ್ದಳು.

ಸೋಮವಾರ ಹತ್ತು ಚೀಲ ಬಂದಿಳಿದವು. ಮರುದಿನ ಪಂಕ್ತಿಯಲ್ಲಿ ಹೊಸ ಜೋಳದ ರೊಟ್ಟಿ ಉಂಡೆದ್ದ ಗದಿಗೆಪ್ಪನು ಪೀಠವೇರಿ, ಲೇಖನಿಗೆ ಮಸಿ ತುಂಬಿ, ಕುಲದೈವವನ್ನು ನೆನೆದು, ಅಂಚೆ ಕಾರ್ಡೊಂದರ ಮೇಲೆ ತನ್ನ ಮಹಾಕೃತಿಯನ್ನು ರಚಿಸಿದನು:

“ಜೋಳ ಮುಟ್ಟಿತು. ನುಸಿ ಇಲ್ಲ. ನಾನು ಮೂರು ತಿಂದೆ.”