ಬಾಯ್ಕಾಟ್ ಸಾಹೇಬನೂ ನಮ್ಮ ಹನ್ನೊಂದು ಗಂಟೆಯ ಕಾಫಿಯೂ

ಮನೆಯಲ್ಲಿ ಇಂಗ್ಲಿಷ್ ನಿಘಂಟು ಇಟ್ಟುಕೊಂಡವನಿಗೆ ನೆಮ್ಮದಿಯಿಲ್ಲ. ಅರ್ಥ ಗೊತ್ತಿದ್ದವನನ್ನೇ ಜನ ಮುಂದಕ್ಕೆ ತಳ್ಳುತ್ತಾರೆ. ನನಗೋ ಹಿಂದಿನ ಸಾಲಿನಲ್ಲಿ ಕೂತರೂ ಎದೆ ಡವಡವ. ಎಂಬತ್ತರ ಆಸುಪಾಸಿನಲ್ಲಿ ನಾನು ಮುಳಬಾಗಿಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ಎದುರಿಗೆ ನಾರಾಯಣಪ್ಪನವರ ಹೋಟೆಲು, ಆ ಬೀದಿಗೆಲ್ಲ ಅದೊಂದೇ. ಒಂದು ಬೆಳಿಗ್ಗೆ ಅವರು ಕಾಫಿ ಲೋಟಗಳನ್ನು ಬದಲಾಯಿಸಿಬಿಟ್ಟರು. ಹೊಸ ಲೋಟದಲ್ಲಿ ಎರಡು ಗುಟುಕು ಕಾಫಿ, ಮಿಕ್ಕಿದ್ದು ನೊರೆ.

"ಬಾಯ್ಕಾಟ್ ಮಾಡೋಣ!" ಎಂದು ಗುಡುಗಿದ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ವೆಂಕಟೇಶಪ್ಪ. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ, "ಅಂದ್ರೆ ಏನೇನು ಮಾಡ್ಬೇಕೋ?" ನಾನು ನಿಘಂಟು ನೋಡಿ ಬಂದು ವಿವರಿಸಿದೆ: ಐರ್ಲೆಂಡಿನಲ್ಲಿ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುವ ಬಾಯ್ಕಾಟ್ ಎಂಬ ಸಾಹೇಬನಿದ್ದ. ಊರವರು ಅವನ ಹೊಲಕ್ಕೆ ಕೂಲಿಗೆ ಹೋಗಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ, ಎದುರಾದರೆ ಯಾರೂ ಮಾತಾಡಲಿಲ್ಲ. ಅವನ ಹೆಸರೇ ಆ ಶಿಕ್ಷೆಗೆ ಅಂಟಿಕೊಂಡಿತು.

ಎಲ್ಲರಿಗೂ ಹುರುಪು ಬಂತು. ವೆಂಕಟೇಶಪ್ಪ ಮಾತ್ರ ತಲೆ ಕೆರೆದುಕೊಂಡ. "ಅಲ್ಲಾ ಕಣೋ, ಆಯಪ್ಪ ನಮ್ಮನ್ನ ನಂಬ್ಕೊಂಡು ನಾಳೆ ಹಾಲು ತರಿಸಿಬಿಟ್ರೆ? ಪಾಪ, ಒಡೆದು ಹೋಗುತ್ತೆ. ಮೊದಲೇ ಒಂದು ಮಾತು ಹೇಳೋದು ಧರ್ಮ." ಹೇಳಲು ಹೋದವನು, ಇನ್ಯಾರು, ನಾನೇ.

ನಾರಾಯಣಪ್ಪನವರು ಕೂರಿಸಿ, ಕಾಫಿ ಕೊಟ್ಟು, ಪೂರ್ತಿ ಕೇಳಿದರು. "ಅಯ್ಯೋ ಪಾಪಂ, ಆ ಸಾಹೇಬನಿಗೆ ಅನ್ನ ಯಾರು ಹಾಕಿದ್ರು ಸಾರ್?" ಎಂದು ಮರುಗಿದರು. ಆಮೇಲೆ, "ಒಳ್ಳೇ ಟೈಮಿಗೆ ಹೇಳಿದ್ರಿ. ಮಾಸ್ತಿಯಿಂದ ಮಗಳು ಬಾ ಬಾ ಅಂತಿದ್ಲು. ನೀವೇ ಬರಲ್ಲ ಅಂದ್ಮೇಲೆ ನಾನ್ಯಾಕೆ ಒಲೆ ಹಚ್ಚಲಿ?"

ಮರುದಿನ ಹೋಟೆಲಿಗೆ ಬೀಗ. ಬೀಗ ಹಾಕಿದ ಹೋಟೆಲನ್ನು ಬಹಿಷ್ಕರಿಸುವುದು ಹೇಗೆಂದು ನಿಘಂಟಿನಲ್ಲಿರಲಿಲ್ಲ. ಹನ್ನೊಂದಾದರೆ ಕಚೇರಿಗೆ ಕಚೇರಿಯೇ ಆಕಳಿಸುತ್ತಿತ್ತು. ನನಗೆ ತಲೆ ಸಿಡಿತ. "ಲೇ, ಎಲ್ಲಾ ನಿನ್ನ ಡಿಕ್ಷನರಿ ತಂದಿಟ್ಟದ್ದು ಕಣೋ" ಎಂದವನೇ ವೆಂಕಟೇಶಪ್ಪ ನನ್ನೊಡನೆ ಮಾತು ಬಿಟ್ಟ. ಮನೆಯಲ್ಲಿ ಗೋಳು ಹೇಳಿಕೊಂಡರೆ ಹೆಂಡತಿ, "ಆ ಸಾಹೇಬ ಎಲ್ಲೂ ಹೋಗಿಲ್ಲ ಕಣ್ರೀ, ಇಲ್ಲೇ ಮುದ್ದೆ ನುಂಗ್ತಾ ಕೂತಿದಾನೆ" ಎಂದು ಇನ್ನಷ್ಟು ಸಾರು ಬಡಿಸಿದಳು.

ಅಂತೂ ಒಂದು ಬೆಳಿಗ್ಗೆ ಕೋಲಾರದ ಬಸ್ಸಿನಿಂದ ನಾರಾಯಣಪ್ಪನವರು ಇಳಿದರು. "ಏನ್ ಸಾರ್, ಬಾಯ್ಕಾಟ್ ಮುಗೀತಾ? ಇಲ್ಲಾಂದ್ರೆ ಹೇಳಿ, ಮಗಳು ಇನ್ನೂ ನಾಲ್ಕು ದಿನ ಇರು ಅಂದಿದ್ಲು."

ಅವರು ಇಳಿದ ಕೂಡಲೇ ಲೋಟದ ವಿಷಯ ಗಟ್ಟಿಯಾಗಿ ಮಾತಾಡು ಎಂದು ಕಚೇರಿಯವರು ನನ್ನನ್ನೇ ದಿನಾ ಬಸ್ ನಿಲ್ದಾಣಕ್ಕೆ ಕಳಿಸುತ್ತಿದ್ದರು. ನಾನು ಅವರ ಕೈಚೀಲ ಕಸಿದುಕೊಂಡು ಹೋಟೆಲಿನ ಕಡೆ ಬಿರಬಿರನೆ ನಡೆದೆ. ದಾರಿಯುದ್ದಕ್ಕೂ ನನಗಿದ್ದ ಚಿಂತೆ ಒಂದೇ: ಇಷ್ಟು ದಿನ ತಣ್ಣಗಿದ್ದ ಒಲೆ, ಹತ್ತಿಕೊಳ್ಳಲು ಎಷ್ಟು ಹೊತ್ತು ಹಿಡಿದೀತು?