ರಂಗಯ್ಯ ಮೇಷ್ಟ್ರು ವಾರ ಹಿಡಿದದ್ದು

ವಾರಕ್ಕೆ ಹತ್ತು ಪುಟ ಬರೆಯಬೇಕೆಂದು ರಂಗಯ್ಯ ಮೇಷ್ಟ್ರು ಗುರಿ ಇಟ್ಟುಕೊಂಡಿದ್ದರು. ಒಂದು ಪುಟ ಮುಗಿದರೆ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು. ಮೊದಲ ವಾರ ಎರಡು ಗೀಟು ಬಿದ್ದವು. ಎರಡನೆಯ ವಾರ ಒಂದು. ಅದೂ ಇದ್ದಿಲು ಸರಿಯಾಗಿ ಮೂಡುತ್ತದೆಯೋ ಇಲ್ಲವೋ ನೋಡಲು ಎಳೆದದ್ದು. ಹಗಲೆಲ್ಲ ಶಾಲೆ, ಸಂಜೆಯಾದರೆ ಮೊಳಕಾಲ್ಮೂರಿನ ನೇಕಾರರ ಕೇರಿಯವರಿಗೆ ಕಾಗದ, ಅರ್ಜಿ, ಲಗ್ನಪತ್ರಿಕೆ ಬರೆದುಕೊಡುವ ಕೆಲಸ. ಕಾದಂಬರಿಯ ಪಾಲಿಗೆ ಉಳಿಯುತ್ತಿದ್ದುದು ಆಕಳಿಕೆ ಮಾತ್ರ.

ಆ ಕಾದಂಬರಿ ಬೆಂಗಳೂರಿನ ಮಾಸಪತ್ರಿಕೆಯೊಂದರಲ್ಲಿ ಬರುತ್ತಿತ್ತು. ಹಿಂದಿನ ಕಂತಿನಲ್ಲಿ ಮೇಷ್ಟ್ರು ನಾಯಕಿಯನ್ನು ಹಾಳುಬಾವಿಗೆ ತಳ್ಳಿಸಿ ಕೈ ತೊಳೆದುಕೊಂಡಿದ್ದರು. ಸಂಪಾದಕರ ಕಾಗದ ಬಂತು: ‘ಮುಂದಿನ ಕಂತು ಈ ಶನಿವಾರದ ಟಪಾಲಿನಲ್ಲಿ ಹೊರಡದಿದ್ದರೆ ಆಕೆ ಬಾವಿಯಲ್ಲೇ ಇರಲಿ. ನಾವು ಬೇರೆಯವರ ಕತೆ ಹಾಕಿಕೊಳ್ಳುತ್ತೇವೆ.’

ಶನಿವಾರ ಬೆಳಿಗ್ಗೆ ಮೇಷ್ಟ್ರು ಶಾಲೆಗೆ ರಜೆ ಹಾಕಿದರು. “ಕಾಟಮ್ಮಾ, ಇವತ್ತು ನನ್ನ ವಾರ ಮುಗೀಲೇಬೇಕು. ಅಲ್ಲೀತನಕ ಊಟ ಬ್ಯಾಡ, ಮಾತು ಬ್ಯಾಡ, ಯಾರ್ನೂ ಒಳಗೆ ಬಿಡಬ್ಯಾಡ” ಎಂದು ಹೆಂಡತಿಗೆ ಹೇಳಿ ಕೋಣೆಯ ಅಗಳಿ ಹಾಕಿಕೊಂಡರು.

ಪಕ್ಕದ ಮನೆಯ ಕೆಂಚಕ್ಕ ಅರ್ಜಿ ಬರೆಸಲು ಬಂದಳು. “ಮೇಷ್ಟ್ರು ಎಲ್ಲವ್ವಾ?”

“ಅವ್ರದು ಇವತ್ತು ವಾರ ಕಣಕ್ಕಾ. ಊಟಾನೂ ಇಲ್ಲ, ಮಾತೂ ಇಲ್ಲ.”

ಆ ಕೇರಿಯಲ್ಲಿ ವಾರ ಎಂದರೆ ದೇವರ ಹೆಸರಿನಲ್ಲಿ ಹಿಡಿಯುವ ಉಪವಾಸ. ಕೆಂಚಕ್ಕ ಗಲ್ಲ ಬಡಿದುಕೊಂಡಳು. “ಶನಿವಾರ ಹಿಡಿದವ್ರಾ! ಅದೂ ಮೌನದಾಗೆ! ಒಂದು ಮಾತು ಹೇಳಬಾರದೇನವ್ವಾ ನೀನು?” ಎಂದವಳೇ ಅರ್ಜಿ ಮರೆತು, ಬಾಲಕ್ಕೆ ಬೆಂಕಿ ಬಿದ್ದ ಹಸುವಿನಂತೆ ಕೇರಿಯ ಉದ್ದಕ್ಕೂ ಓಡಿದಳು.

ಮೇಷ್ಟ್ರು ನಾಯಕಿಯನ್ನು ಬಾವಿಯ ಮೊದಲ ಮೆಟ್ಟಿಲಿಗೆ ತರುವಷ್ಟರಲ್ಲಿ ಕಿಟಕಿ ಕತ್ತಲಾಯಿತು. ತಲೆಯೆತ್ತಿದರೆ ಸರಳುಗಳ ನಡುವೆ ಮುಖಗಳು, ಗೂಡಿನ ಪಾರಿವಾಳಗಳ ಹಾಗೆ.

“ಸಾಮೀ, ಸೊಸೆ ತುಂಬಿದ ಬಸುರಿ. ಏನು ಕೊಡ್ತಾನೆ ದ್ಯಾವ್ರು?” ಎಂದಳು ಕೆಂಚಕ್ಕ.

ಸ್ವಲ್ಪ ತಡೆ ಎಂದು ಮೇಷ್ಟ್ರು ಒಂದು ಬೆರಳೆತ್ತಿದರು.

“ಗಂಡು! ಒಂದೇ ಬೆರಳು, ಗಂಡು!”

ತೆಲುಗು ಮನೆಮಾತಿನ ನೇಕಾರ ಪೆದ್ದಣ್ಣ ಕಿಟಕಿಗೆ ನುಗ್ಗಿ ಬಂದ. “ಪಂತುಲುಗಾರೂ, ಮಗ್ಗದಾಗೆ ಎಳೆ ನಿಲ್ಲಂಗಿಲ್ಲ, ಪಟಪಟ ಹರೀತೈತೆ. ಏಂ ಚೇಯಾಲಿ, ಏನು ಮಾಡ್ಲಿ?”

ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ತೊಲಗಿ ಹೋಗ್ರೋ!” ಎಂದು ಅರಚಿದರು.

ಪೆದ್ದಣ್ಣ ಕಣ್ಣೀರು ಒರೆಸಿಕೊಂಡ. “ಪೀಡೆ ತೊಲಗಿ ಹೋಗ್ಲಿ ಅಂದ್ರು. ನನಗೋಸ್ಕರ ಮೌನ ಮುರಿದ್ರು, ಪುಣ್ಯಾತ್ಮರು!”

ಆಮೇಲೆ ಕೇಳಬೇಕೆ! ದೇವಸಮುದ್ರದಿಂದ ಗಾಡಿ ಕಟ್ಟಿಕೊಂಡು ಒಂದು ಸಂಸಾರವೇ ಬಂದಿಳಿಯಿತು. ಕಿಟಕಿಯಿಂದ ಬಾಳೆಹಣ್ಣು ಬಿದ್ದವು, ಹೂವು ಬಿದ್ದವು, ಒಂದು ತೆಂಗಿನಕಾಯಿ ಕೂದಲೆಳೆಯಲ್ಲಿ ಮಸಿಕುಡಿಕೆಯನ್ನು ಉಳಿಸಿ ಬಿತ್ತು. ಮೇಷ್ಟ್ರು ಕಿವಿಗೆ ಅರಳೆ ತುರುಕಿ, ಗೋಡೆಯ ಕಡೆ ತಿರುಗಿ ಕುಳಿತರು. ಭಯಕ್ಕೋ ಹಸಿವೆಗೋ ಲೇಖನಿ ಕುದುರೆಯಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೋಡೆಯ ಮೇಲೆ ಹತ್ತೂ ಗೀಟು ಬಿದ್ದಿದ್ದವು!

ಬಾಗಿಲು ತೆರೆದರು. ಮಸಿ ಆರಲೆಂದು ಒಂಬತ್ತು ಪುಟಗಳನ್ನು ಜಗಲಿಯ ಮೇಲೆ ಹರಡಿ, ಜನರಿಗೆಲ್ಲ ಕೈಮುಗಿದು, ಕೊನೆಯ ಪುಟವನ್ನು ಹೆಂಡತಿಗೆ ಓದಿ ಹೇಳಲು ಅಡುಗೆಮನೆಗೆ ಹೋದರು. ನಾಯಕಿ ಬಾವಿಯಿಂದ ಮೇಲೆ ಬರುವುದು ಆ ಪುಟದಲ್ಲೇ. ಓದುತ್ತಾ ಎರಡು ಮುದ್ದೆ ಇಳಿಸಿದರು.

ತಿರುಗಿ ಬಂದರೆ ಜಗಲಿ ಬೋಳು.

“ಕಾಗದ ಎಲ್ಲಿ?”

“ಎಲ್ರಿಗೂ ಸಿಕ್ತು ಸಾಮೀ, ನಾನೇ ಹರಿದು ಹಂಚಿದೆ” ಎಂದು ಕೆಂಚಕ್ಕ ತೋಳು ತೋರಿಸಿದಳು. ಹಳದಿ ದಾರದಲ್ಲಿ ತಾಯತ! ಸುತ್ತ ನೋಡಿದರು. ತೋಳು ತೋಳಿಗೂ ತಾಯತ. ಗಾಡಿಯ ಎತ್ತುಗಳ ಕೊರಳಿಗೂ ಒಂದೊಂದು. ಖಳನಾಯಕ ಮೂರು ತುಂಡಾಗಿ ಮೂರು ಮನೆ ಸೇರಿದ್ದ.

ಮೇಷ್ಟ್ರು ಪೆದ್ದಣ್ಣನ ಮನೆಗೆ ಓಡಿದರು. “ನಿನಗೆ ಸಿಕ್ಕಿದ್ದನ್ನಾದ್ರೂ ಕೊಡಪ್ಪಾ!”

“ಮಗ್ಗಕ್ಕೆ ಕಟ್ಟಿದ ಮ್ಯಾಲೆ ಒಂದೆಳೆ ಹರಿದಿಲ್ಲ ಪಂತುಲುಗಾರೂ. ಬೇಕಾದ್ರೆ ನನ್ನ ಪ್ರಾಣ ಕೇಳ್ರಿ.”

ಅಷ್ಟರಲ್ಲಿ ಝಣಝಣ ಗೆಜ್ಜೆ ಸದ್ದು. ಟಪಾಲು ಹೊರುವ ಓಬಯ್ಯ ಚೀಲ ಹೊತ್ತು ಚಳ್ಳಕೆರೆಯ ಹಾದಿ ಹಿಡಿದಿದ್ದ. ಇದೊಂದು ಪುಟವಾದರೂ ಹೋದರೆ ನಾಯಕಿ ಬದುಕಿದ್ದಾಳೆಂದು ಸಂಪಾದಕರಿಗೆ ತಿಳಿದೀತು! ಮೇಷ್ಟ್ರು ಏದುಸಿರು ಬಿಡುತ್ತಾ ಅಡ್ಡ ನಿಂತು, ಕೈಯಲ್ಲೇ ಉಳಿದಿದ್ದ ಕೊನೆಯ ಪುಟ ಚಾಚಿದರು.

ಓಬಯ್ಯ ಗಕ್ಕನೆ ನಿಂತ. ಅವನ ಕಣ್ಣು ತುಂಬಿ ಬಂತು.

“ನಾನು ಕೇಳೋಕೆ ಮುಂಚೇನೇ ಕೊಟ್ರಲ್ಲ ಸಾಮೀ! ಹಾದೀಲಿ ತೋಳದ ಕಾಟ ಅಂತ ನಿಮಗೆ ಹೆಂಗೆ ಗೊತ್ತಾತು?”

ಪುಟವನ್ನು ಕಣ್ಣಿಗೊತ್ತಿಕೊಂಡ, ಸುರುಳಿ ಸುತ್ತಿದ, ತಲೆಯ ವಸ್ತ್ರದ ಅಂಚು ಹರಿದು ತೋಳಿಗೆ ಬಿಗಿದ. ಮೇಷ್ಟ್ರಿಗೆ ಮಾತು ಬರುವಷ್ಟರಲ್ಲಿ ಗೆಜ್ಜೆಯ ಸದ್ದು ಊರಾಚೆ ಇತ್ತು.

ಹೀಗೆ, ಬಾವಿಯಿಂದ ಪಾರಾಗಿ ಬಂದ ನಾಯಕಿ ಟಪಾಲಿನವನ ತೋಳು ಹಿಡಿದು ಓಡಿಹೋದಳು.